ಗೋಡೆ ನೀರು ಕುಡಿಯುವ ಬಗೆ

ಸುಟ್ಟ ಇಟ್ಟಿಗೆ ನೋಡಲು ಗಟ್ಟಿ, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ಸುಮಾರು 3 ಕಿಲೋ ತೂಗುವ ಇಟ್ಟಿಗೆಯನ್ನು ಒಂದು ದಿನ ನೀರಲ್ಲಿ ಮುಳುಗಿಸಿಟ್ಟರೆ ಅರ್ಧ ಲೀಟರಿನಷ್ಟು ನೀರು ಹೀರಿಕೊಂಡರೂ ಅಚ್ಚರಿಯಿಲ್ಲ. ಸಾಧಾರಣ ದರ್ಜೆಯ ಇಟ್ಟಿಗೆ ತನ್ನ ತೂಕದ ಶೇ. 20ರವರೆಗೆ ನೀರು ಹೀರುವುದನ್ನು ಭಾರತೀಯ ಮಾನಕವೇ ಒಪ್ಪುತ್ತದೆ. ಗಾರೆ, ಸಿಮೆಂಟ್ ಬ್ಲಾಕು, ಕರಾವಳಿಯ ಮುರಕಲ್ಲು ಎಲ್ಲವೂ ಹೆಚ್ಚುಕಡಿಮೆ ಇದೇ ಜಾತಿ. ಹಾಗಾಗಿ ನೆಲಮಹಡಿಯ ಗೋಡೆಯಲ್ಲಿ ಒಂದಿಷ್ಟು ತೇವ ಇರುವುದು ವಿಶೇಷವಲ್ಲ. ಬಂದ ನೀರು ಬಂದ ವೇಗದಲ್ಲೇ ಹೊರಗೆ ಹೋಗದಿದ್ದಾಗ ತೊಂದರೆ ಶುರುವಾಗುತ್ತದೆ.

ನೆಲದ ನೀರು ಗೋಡೆ ಹತ್ತುವುದು ಲೋಮನಾಳ ಕ್ರಿಯೆಯಿಂದ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಹೀಗೆಯೇ. ನಾಳ ಕಿರಿದಾದಷ್ಟೂ ನೀರು ಎತ್ತರಕ್ಕೆ ಹೋಗುತ್ತದೆ: 0.1 ಮಿ.ಮೀ. ತ್ರಿಜ್ಯದ ನಾಳದಲ್ಲಿ ಸುಮಾರು 15 ಸೆಂ.ಮೀ., 0.01 ಮಿ.ಮೀ. ನಾಳದಲ್ಲಿ ಒಂದೂವರೆ ಮೀಟರು. ಇಟ್ಟಿಗೆಯ ಎಷ್ಟೋ ರಂಧ್ರಗಳು ಇದಕ್ಕಿಂತ ಸಣ್ಣವು. ಲೆಕ್ಕದ ಪ್ರಕಾರ ನೀರು ಸೂರು ಮುಟ್ಟಬೇಕು. ಮುಟ್ಟುವುದಿಲ್ಲ, ಏಕೆಂದರೆ ದಾರಿಯುದ್ದಕ್ಕೂ ಗೋಡೆಯ ಮೈಯಿಂದ ಅದು ಆವಿಯಾಗುತ್ತಿರುತ್ತದೆ. ಏರುವುದೂ ಆರುವುದೂ ಸರಿದೂಗುವ ಎತ್ತರದಲ್ಲಿ ತೇವ ನಿಲ್ಲುತ್ತದೆ. ಸಾಮಾನ್ಯವಾಗಿ ಅದು ನೆಲದಿಂದ ಒಂದು ಮೀಟರಿನೊಳಗೆ. ಈ ಸಮತೋಲವನ್ನು ಕೆಡಿಸುವುದು ಬಹಳ ಸಲ ದುರಸ್ತಿಯೇ. ಕಲೆ ಕಾಣಬಾರದೆಂದು ಗೋಡೆಯ ಕೆಳಭಾಗಕ್ಕೆ ಟೈಲ್ಸ್ ಅಂಟಿಸಿದರೆ ಆವಿಯ ದಾರಿ ಮುಚ್ಚುತ್ತದೆ, ಮುಂದಿನ ಮಳೆಗಾಲದಲ್ಲಿ ಕಲೆ ಟೈಲ್ಸಿನ ಮೇಲಂಚು ದಾಟಿ ಮೂಡುತ್ತದೆ.

ಗೋಡೆಯನ್ನು ನಿಜವಾಗಿ ತಿನ್ನುವುದು ನೀರಿಗಿಂತ ಹೆಚ್ಚಾಗಿ ಅದು ಹೊತ್ತು ತರುವ ಉಪ್ಪು. ಮಣ್ಣಿನ ನೈಟ್ರೇಟ್, ಕ್ಲೋರೈಡುಗಳು, ಇಟ್ಟಿಗೆಯದೇ ಸಲ್ಫೇಟುಗಳು ನೀರಲ್ಲಿ ಕರಗಿ ಬಂದು, ನೀರು ಆರಿದ ಜಾಗದಲ್ಲಿ ಹರಳುಗಟ್ಟುತ್ತವೆ. ಮೈಮೇಲೆ ಹರಳಾದರೆ ಬಿಳಿ ಹುಡಿ, ಒರೆಸಿದರೆ ಹೋಗುತ್ತದೆ. ಬಣ್ಣದ ಪದರದ ಹಿಂದೆ ಹರಳಾದರೆ ಮಾತ್ರ ಕಷ್ಟ. ಒಣ ಸೋಡಿಯಂ ಸಲ್ಫೇಟ್ ಮತ್ತೆ ನೀರು ಸಿಕ್ಕಾಗ ಒಂದು ಅಣುವಿಗೆ ಹತ್ತು ನೀರಿನ ಅಣು ಸೇರಿಸಿಕೊಂಡು ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಬಣ್ಣ ಗುಳ್ಳೆಯೆದ್ದು ಗಿಲಾವು ಹಪ್ಪಳಿಕೆಯಾಗಿ ಉದುರುವುದು ಆ ಒತ್ತಡಕ್ಕೆ. ಇಟ್ಟಿಗೆ ಕೊಳ್ಳುವಾಗಲೇ ಇದನ್ನು ನೋಡಿಕೊಳ್ಳಬಹುದು. ತಟ್ಟೆಯಲ್ಲಿ ಎರಡೂವರೆ ಸೆಂ.ಮೀ. ನೀರಿಟ್ಟು ಇಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಬೇಕು. ನೀರೆಲ್ಲ ಇಂಗಿ ಆರಿದ ಮೇಲೆ ಮತ್ತೊಮ್ಮೆ ಅಷ್ಟೇ ನೀರು ಹಾಕಿ ಆರಿಸಬೇಕು. ಬಿಳುಪು ಮೈಯ ಶೇ. 10ನ್ನು ಮೀರದಿದ್ದರೆ ಇಟ್ಟಿಗೆಯಲ್ಲಿ ಉಪ್ಪು ಅಲ್ಪ ಎಂದು ಮಾನಕ ಎಣಿಸುತ್ತದೆ.

ತೇವ ನೆಲದಿಂದಲೇ ಬರಬೇಕೆಂದೇನೂ ಇಲ್ಲ. ಕಲೆಯ ಆಕಾರ ಮತ್ತು ಕಾಲ ಅದರ ಮೂಲವನ್ನು ಬಹುಮಟ್ಟಿಗೆ ಹೇಳಿಬಿಡುತ್ತವೆ. ನೆಲದಿಂದ ಏರಿದ್ದು ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಅಡ್ಡಗೆರೆಯಾಗಿ, ಮೇಲಂಚಿನಲ್ಲಿ ಉಪ್ಪಿನ ಪಟ್ಟಿಯೊಂದಿಗೆ ಕಾಣುತ್ತದೆ. ಮಳೆ ಹೊಡೆತದ್ದು ಜೂನ್–ಸೆಪ್ಟೆಂಬರಿನಲ್ಲಿ, ಪಶ್ಚಿಮ ಅಥವಾ ನೈಋತ್ಯದ ಗೋಡೆಯಲ್ಲಿ, ಕಿಟಕಿಯ ಮೂಲೆ ಮತ್ತು ಬಿರುಕುಗಳ ಸುತ್ತ. ಮಲೆನಾಡಿನಲ್ಲಿ ಮಳೆ ಬೀಳುವ ದಿಕ್ಕಿನ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ. ಬೇಸಿಗೆಯಲ್ಲೂ ಆರದ, ಒಂದೇ ಕಡೆ ದುಂಡಗೆ ಹರಡುವ ಕಲೆ ಕಂಡರೆ ಪೈಪನ್ನೋ ಪಕ್ಕದ ಬಚ್ಚಲನ್ನೋ ಶಂಕಿಸಬೇಕು. ಬೀರುವಿನ ಹಿಂದೆ, ಗಾಳಿಯಾಡದ ಮೂಲೆಯಲ್ಲಿ ಕಪ್ಪು ಬೂಷ್ಟು ಹಿಡಿದಿದ್ದರೆ ಅದು ಹೆಚ್ಚಾಗಿ ಗಾಳಿಯ ತೇವ. ಗಾಳಿ 28 ಡಿಗ್ರಿ ಬಿಸಿಯಿದ್ದು ಅದರ ಸಾಪೇಕ್ಷ ಆರ್ದ್ರತೆ ಶೇ. 90 ಇದ್ದರೆ, 26 ಡಿಗ್ರಿಗಿಂತ ತಂಪಾದ ಯಾವ ಮೈಯಾದರೂ ಬೆವರುತ್ತದೆ. ಮಂಗಳೂರಿನ ಆಷಾಢದಲ್ಲಿ ಅಂಥ ನೆಲ ಅಪರೂಪವಲ್ಲ.

ಅನುಮಾನ ಉಳಿದರೆ ಪರೀಕ್ಷೆ ಸುಲಭ. ಒಂದಡಿ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಬಿಗಿಯಾಗಿ ಟೇಪು ಹಾಕಿ ಅಂಟಿಸಿ ಎರಡು ದಿನ ಬಿಡಬೇಕು. ಹನಿ ಹೊರಮೈಯಲ್ಲಿ ಕಟ್ಟಿದರೆ ಕೋಣೆಯ ಗಾಳಿಯದು, ಹಾಳೆಯ ಹಿಂದೆ ಕಟ್ಟಿದರೆ ಗೋಡೆಯದು. ಪೈಪಿನ ಸೋರಿಕೆ ತಿಳಿಯಲು ರಾತ್ರಿ ನಲ್ಲಿಗಳನ್ನೆಲ್ಲ ಮುಚ್ಚಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ, ಬೆಳಗ್ಗೆ ನೋಡಿದರಾಯಿತು. ಬಚ್ಚಲಿನದಾದರೆ ನೀರು ಹೋಗುವ ತೂತು ಬಿಗಿದು ಎರಡಿಂಚು ನೀರು ಕಟ್ಟಿ ಒಂದು ದಿನ ಕಾಯಬೇಕು. ಗೋಡೆಗೆ ಎರಡು ಮೊಳೆ ಚುಚ್ಚಿ ತೇವ ಅಳೆಯುವ ಮೀಟರನ್ನು ಮಾತ್ರ ಪೂರ್ತಿ ನಂಬಬಾರದು. ಅದು ಅಳೆಯುವುದು ವಿದ್ಯುತ್ತಿಗೆ ಗೋಡೆ ಒಡ್ಡುವ ತಡೆಯನ್ನು, ಉಪ್ಪಿದ್ದ ಕಡೆ ಆ ತಡೆ ಹೇಗೂ ಕಡಿಮೆ. ಉಪ್ಪು ಇನ್ನೊಂದು ಬಗೆಯಲ್ಲೂ ದಾರಿ ತಪ್ಪಿಸುತ್ತದೆ: ಆರ್ದ್ರತೆ ಶೇ. 75 ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರನ್ನೇ ಹೀರಿ ಒದ್ದೆಯಾಗುತ್ತದೆ. ಎಲ್ಲಿಂದಲೂ ನೀರು ಬರದ ಹಳೆಯ ಕಲೆ ಪ್ರತಿ ಮಳೆಗಾಲ ಮತ್ತೆ ಒದ್ದೆಯಾಗುವುದು ಇಂಥ ಉಪ್ಪಿನಿಂದ.

ನೆಲದ ನೀರನ್ನು ತಡೆಯಲೆಂದೇ ತಳಪಾಯ ಮುಗಿದು ಗೋಡೆ ಏಳುವಲ್ಲಿ ಡಿಪಿಸಿ ಎಂಬ ಕಾಂಕ್ರೀಟ್ ಪಟ್ಟಿ ಹಾಕುತ್ತಾರೆ. 1:2:4ರ ಕಾಂಕ್ರೀಟು, ನಾಲ್ಕು ಸೆಂ.ಮೀ.ವರೆಗಿನ ದಪ್ಪ, ಮೇಲೊಂದು ಬಿಟುಮೆನ್ ಲೇಪ. ಹಳೆಯ ಮನೆಗಳಲ್ಲಿ ಬಹಳ ಕಡೆ ಇದು ಇಲ್ಲ. ಇದ್ದರೂ ನೀರಿಗೆ ಕಳ್ಳದಾರಿ ಮಾಡಿಕೊಡುವುದು ಮನೆಯವರೇ: ಗೋಡೆಗೆ ಆನಿಸಿದ ಹೂವಿನ ಪಾತಿ, ಪಟ್ಟಿಯನ್ನು ಮುಚ್ಚಿ ನೆಲದವರೆಗೂ ಎಳೆದ ಗಿಲಾವು. ಮನೆಯ ಪಾಯದ ಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ 45 ಸೆಂ.ಮೀ. ಮೇಲಿರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಹೊಸ್ತಿಲಿಗಿಂತ ಮೇಲಾಗಿರುವುದುಂಟು.

ಆದ್ದರಿಂದ ದುರಸ್ತಿ ಮನೆಯ ಹೊರಗಿನಿಂದ ಶುರುವಾಗಬೇಕು. ಗೋಡೆಗೆ ತಾಗಿದ ಮಣ್ಣು ತೆಗೆದು, ನೀರು ಮನೆಯಿಂದ ಆಚೆ ಹರಿಯುವಂತೆ ಇಳಿಜಾರು ಕೊಟ್ಟು, ಸೂರಿನ ನೀರಿಗೆ ದೋಣಿಯನ್ನೂ ಪೈಪನ್ನೂ ಸರಿಮಾಡಿ, ಒಡೆದ ಮೋರಿ ಮುಚ್ಚಿದರೆ ಎಷ್ಟೋ ಗೋಡೆಗಳು ಅಷ್ಟಕ್ಕೇ ಆರುತ್ತವೆ. ಇವೆಲ್ಲ ಆದ ಮೇಲೂ ಅಡ್ಡಗೆರೆ ಜಗ್ಗದಿದ್ದರೆ ಮಾತ್ರ ರಾಸಾಯನಿಕ ತಡೆಯ ಮಾತು: ನೆಲದ ಸಮೀಪದ ಗಾರೆಯ ಸಂದಿನಲ್ಲಿ ಸುಮಾರು 12 ಸೆಂ.ಮೀ.ಗೊಂದರಂತೆ ತೂತು ಕೊರೆದು, ಸಿಲೇನ್ ಮುಲಾಮು ತುಂಬುವುದು. ಅದು ರಂಧ್ರಗಳ ಒಳಮೈಗೆ ಹರಡಿ ನೀರು ಅಂಟದಂತೆ ಮಾಡುತ್ತದೆ. ದುಬಾರಿ ಕೆಲಸ, ಮಾರುವವರು ಮೊದಲು ಹೇಳುವುದು ಇದನ್ನೇ.

ನೀರು ನಿಂತ ಮೇಲೆ ಕಲೆಯ ಗೆರೆಗಿಂತ ಒಂದಡಿ ಮೇಲಿನವರೆಗೂ ಗಿಲಾವು ಕೆತ್ತಿ ತೆಗೆಯಬೇಕು, ಉಪ್ಪಿರುವುದು ಅದರಲ್ಲೇ. ಹುಡಿಯನ್ನು ಒಣ ಬ್ರಷ್ಷಿನಿಂದ ಉಜ್ಜಿ, ಕೆಳಗೆ ಹಾಸಿದ ಕಾಗದದಲ್ಲಿ ಹಿಡಿದು ದೂರ ಎಸೆಯಬೇಕು. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಗೋಡೆಯೊಳಕ್ಕೇ ಹೋಗುತ್ತದೆ. ಬರೀ ಗೋಡೆ ಆರಲು ಅಂದಾಜು ಇಂಚಿಗೊಂದು ತಿಂಗಳು ಬೇಕು, ಅಂದರೆ 9 ಇಂಚಿನ ಗೋಡೆಗೆ ಮುಕ್ಕಾಲು ವರ್ಷ. ಬಹುತೇಕ ಮೇಸ್ತ್ರಿಗಳು ಕಾಯುವುದು ಒಂದು ವಾರ. ಆರಿದ ಗೋಡೆಗೆ ಆವಿಯನ್ನು ಹೊರಬಿಡುವ ಸುಣ್ಣದ ಗಾರೆ, ಅದರ ಮೇಲೆ ಸುಣ್ಣದ್ದೇ ಬಣ್ಣ ಒಗ್ಗುತ್ತದೆ. ಪುಟ್ಟಿ ಎಳೆದು ಪ್ಲಾಸ್ಟಿಕ್ ಎಮಲ್ಷನ್ ಹೊಡೆಯುವುದಿದ್ದರೆ ಗೋಡೆಯನ್ನು ಇನ್ನೊಂದು ಮಳೆಗಾಲ ಹಾಗೇ ಬಿಟ್ಟು, ಕಲೆ ಮರಳದಿರುವುದನ್ನು ನೋಡಿಕೊಂಡು ಹೊಡೆಯುವುದು ಲೇಸು.