ಮೂರು ಗುಟುಕು, ಒಂದು ಬಟ್ಟಲು

ಲೋಸಾರ್ ದಿನ ಬೆಳಕು ಹರಿಯುವ ಮೊದಲೇ ಬೈಲಕುಪ್ಪೆಯ ಟಿಬೆಟನ್ ಮನೆಗಳಲ್ಲಿ ಒಲೆ ಹೊತ್ತಿರುತ್ತದೆ. ಮನೆಯೊಡತಿ ಎಲ್ಲರಿಗಿಂತ ಮುಂಚೆ ಎದ್ದು ಛಾಂಗ್ ಕಾಯಿಸುತ್ತಾಳೆ. ಅದಕ್ಕೆ ಬೆಲ್ಲ, ಹುರಿದ ಬಾರ್ಲಿ ಹಿಟ್ಟು, ಒಣಗಿಸಿದ ಚೀಸಿನ ಚೂರು ಬೀಳುತ್ತವೆ. ಛಾಂಗ್‌ಕೊಲ್ ಎಂಬ ಈ ಗಂಜಿಯಂಥ ಬಿಸಿ ಪಾನೀಯವನ್ನು ಕೆಲವು ಮನೆಗಳಲ್ಲಿ ಹಾಸಿಗೆಯಿಂದ ಏಳುವ ಮೊದಲೇ ಕೈಗಿಡುತ್ತಾರೆ. ಟಿಬೆಟನ್ನರಿಗೆ ಹೊಸ ವರ್ಷದ ಮೊದಲ ರುಚಿ ಇದು. ನಾವು ಯುಗಾದಿಯ ಬೆಳಗ್ಗೆ ಬೇವು ಬೆಲ್ಲ ತಿನ್ನುತ್ತೇವಲ್ಲ, ಆ ಜಾಗದಲ್ಲಿ ಅವರಿಗಿರುವುದು ಹುಳಿಬಂದ ಧಾನ್ಯದ ಮದ್ಯ.

ಪಿರಿಯಾಪಟ್ಟಣ ತಾಲ್ಲೂಕಿನವರ ಬಾಯಲ್ಲಿ ಬೈಲಕುಪ್ಪೆ 'ಟಿಬೆಟ್ ಕ್ಯಾಂಪು'. 1960ರ ಕೊನೆಯಲ್ಲಿ ಮೊದಲ ತಂಡಗಳು ಬಂದಾಗ ಇಲ್ಲಿದ್ದದ್ದು ಕಾಡು, ಆನೆ ಮತ್ತು ಸೆಖೆ. ಮೈಸೂರು ಸರ್ಕಾರ ಕೊಟ್ಟ ಸುಮಾರು 3,000 ಎಕರೆಯಲ್ಲಿ ಲುಗ್‌ಸುಂಗ್ ಸಮ್‌ಡುಪ್ಲಿಂಗ್ ವಸಾಹತು ಎದ್ದಿತು. 1969ರಲ್ಲಿ ಪಕ್ಕದಲ್ಲೇ ಎರಡನೆಯದು ಬಂತು. 1972ರಲ್ಲಿ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ರಬ್‌ಗ್ಯೆಲಿಂಗ್ ಶುರುವಾಯಿತು. ಹಿಮದ ಬಯಲಿನಿಂದ ಬಂದವರು ಮುಸುಕಿನ ಜೋಳ ಬಿತ್ತಲು ಕಲಿತರು. ಚಳಿಗಾಲ ಬಂತೆಂದರೆ ಸ್ವೆಟರ್ ಗಂಟು ಹೊತ್ತು ಊರೂರಿಗೆ ಹೊರಟರು. ಆ ವ್ಯಾಪಾರ ಮುಗಿಸಿ ಮನೆ ಸೇರುವ ಹೊತ್ತಿಗೇ ಲೋಸಾರ್ ಬರುತ್ತದೆ.

ಬಾರ್ಲಿ ಮಾತ್ರ ಇಲ್ಲಿ ಬೆಳೆಯದು. ಟಿಬೆಟ್‌ನಲ್ಲಿ ಛಾಂಗ್ ಎಂದರೆ ಬಾರ್ಲಿಯದೇ; ಇಲ್ಲಿ ಅನ್ನದಿಂದಲೂ ಆಗುತ್ತದೆ. ಬೇಯಿಸಿದ ಧಾನ್ಯವನ್ನು ಹರವಿ ಆರಿಸಿ, ಫಾಬ್ ಎಂಬ ಹುದುಗಿನ ಬಿಲ್ಲೆಯನ್ನು ಪುಡಿ ಮಾಡಿ ಉದುರಿಸಿ, ಕಂಬಳಿ ಸುತ್ತಿ ಬೆಚ್ಚಗಿಡಬೇಕು. ಕೆಲವು ದಿನಕ್ಕೆ ಸಿಹಿಹುಳಿ ವಾಸನೆ ಏಳುತ್ತದೆ. ಆಮೇಲೆ ಮುಚ್ಚಿಟ್ಟು ಕಾದು, ನೀರು ಬೆರೆಸಿ, ಸೋಸಿಕೊಂಡರೆ ಬೆಳ್ಳಗಿನ, ಬಿಯರಿನಷ್ಟೇ ಹಗುರವಾದ ಪಾನೀಯ ಸಿದ್ಧ. ಮಾಡುವವರು ಹೆಚ್ಚಾಗಿ ಹೆಂಗಸರು. ಯಾವ ದಿನಕ್ಕೆ ಎಷ್ಟು ಎಂಬ ಲೆಕ್ಕವೂ ಅವರದೇ.

ಕುಡಿಯುವುದಕ್ಕೂ ಕ್ರಮವಿದೆ. ಉಂಗುರದ ಬೆರಳನ್ನು ಛಾಂಗ್‌ಗೆ ಅದ್ದಿ ಮೂರು ಬಾರಿ ಗಾಳಿಗೆ ಚಿಮುಕಿಸಬೇಕು. ಬುದ್ಧ, ಧರ್ಮ, ಸಂಘಕ್ಕೆ ಸಲ್ಲಿಸಿದ ಮೇಲೆ ಉಳಿದದ್ದು ಮನುಷ್ಯರಿಗೆ. ಅತಿಥಿ ಒಂದು ಗುಟುಕು ಹೀರಿದ ಕೂಡಲೇ ಬಟ್ಟಲನ್ನು ಮತ್ತೆ ಕಂಠಮಟ್ಟ ತುಂಬುತ್ತಾರೆ. ಎರಡನೆಯ ಗುಟುಕು, ಮತ್ತೆ ತುಂಬು. ಮೂರನೆಯದಾದ ಮೇಲೆ ಬಟ್ಟಲು ಪೂರ್ತಿ ಬರಿದಾಗಬೇಕು. ಬೇಡವೆಂದರೆ ಮನೆಯವರಿಗೆ ಬೇಸರ. ಬಲವಂತದ ಈ ಪ್ರೀತಿ ನಮ್ಮ ಬಾಡೂಟದ ಪಂಕ್ತಿಯಲ್ಲಿ ಕೂತವರಿಗೆ ಹೊಸದೇನಲ್ಲ.

ಇದೇ ಬೈಲಕುಪ್ಪೆಯಲ್ಲಿ ಮದ್ಯ ಮುಟ್ಟದ ವ್ರತ ಹೊತ್ತ ಸಾವಿರಾರು ಭಿಕ್ಷುಗಳೂ ಇದ್ದಾರೆ. ಸೆರಾ, ತಾಶಿ ಲುನ್ಪೊ, ಪ್ರವಾಸಿಗರು 'ಗೋಲ್ಡನ್ ಟೆಂಪಲ್' ಎನ್ನುವ ನಾಮ್‌ಡ್ರೋಲಿಂಗ್, ಎಲ್ಲ ಮಠಗಳಲ್ಲೂ ಕುಡಿತ ನಿಷಿದ್ಧ. ಲೋಸಾರ್‌ಗೆ ಮೊದಲು ನಾಮ್‌ಡ್ರೋಲಿಂಗ್ ಅಂಗಳದಲ್ಲಿ ಭಿಕ್ಷುಗಳು ಭೀಕರ ಮುಖವಾಡ ಧರಿಸಿ ಛಾಮ್ ಕುಣಿದು ಹಳೆಯ ವರ್ಷದ ಕೆಡುಕನ್ನು ಓಡಿಸುತ್ತಾರೆ. ಆದರೂ ಆ ಮಠ ಅನುಸರಿಸುವ ನಿಂಗ್ಮಾ ಪಂಥದ ತ್ಸೋಕ್ ಪೂಜೆಯಲ್ಲಿ ಒಂದು ಹನಿ ಮದ್ಯ ಅಮೃತವಾಗಿ ಬರುತ್ತದೆ. ಒಂದು ಹನಿ, ಅಷ್ಟೆ. ಮನೆಯಲ್ಲಿ ಬಟ್ಟಲು, ಮಠದಲ್ಲಿ ಹನಿ: ಒಂದೇ ಹಬ್ಬ, ಎರಡು ಅಳತೆ.

ಲೋಸಾರ್ ಅಮಾವಾಸ್ಯೆಯ ಆಸುಪಾಸಿನ ಹಬ್ಬ. ವರ್ಷ ಕೂಡಿಬಂದರೆ ಅಲ್ಲಿಂದ ಹದಿನೈದು ದಿನಕ್ಕೆ, ಹುಣ್ಣಿಮೆಯಂದು, ಜಗತ್ತಿನ ಯಹೂದಿಗಳು ಪೂರಿಮ್ ಆಚರಿಸುತ್ತಾರೆ. 2025ರಲ್ಲಿ ಹಾಗೇ ಆಯಿತು. ಫೆಬ್ರುವರಿ 28ಕ್ಕೆ ಲೋಸಾರ್, ಮಾರ್ಚ್ 14ಕ್ಕೆ ಪೂರಿಮ್. ನಮ್ಮ ಹೋಳಿ ಹುಣ್ಣಿಮೆಯೂ ಅದೇ ದಿನ ಬಿತ್ತು. ಪೂರಿಮ್‌ನ ಲಕ್ಷಣಗಳೂ ಹೋಳಿಗೆ ದೂರದವಲ್ಲ. ವೇಷ, ಮುಖವಾಡ, ಗದ್ದಲ, ದೊಡ್ಡವರನ್ನು ಗೇಲಿ ಮಾಡುವ ಸಲಿಗೆ, ಮತ್ತು ಕುಡಿತ.

ಹಬ್ಬದ ಮೂಲ ಬೈಬಲ್ಲಿನ ಎಸ್ತೇರಳ ಕಥೆ. ಕಥೆಯ ಮೊದಲ ಸಾಲಿನಲ್ಲೇ ನಮ್ಮ ದೇಶ ಬರುತ್ತದೆ. ಪಾರಸಿಯ ಅರಸ ಅಹಷ್ವೇರೋಷನ ರಾಜ್ಯ ಇಂಡಿಯಾದಿಂದ ಕೂಷಿನವರೆಗೆ 127 ಪ್ರಾಂತ್ಯಗಳಲ್ಲಿ ಹರಡಿತ್ತಂತೆ. ಕಥೆ ಶುರುವಾಗುವುದೂ ಮದ್ಯದಿಂದಲೇ. 180 ದಿನಗಳ ವೈಭವ ಪ್ರದರ್ಶನ, ಕೊನೆಗೆ ಏಳು ದಿನದ ಔತಣ. ಅಲ್ಲಿ ಯಾರನ್ನೂ ಕುಡಿಯುವಂತೆ ಒತ್ತಾಯಿಸಬಾರದೆಂಬ ನಿಯಮವಿತ್ತೆಂದು ಕಥೆಗಾರ ಮರೆಯದೆ ಹೇಳುತ್ತಾನೆ. ಮತ್ತೇರಿದ ಅರಸ ರಾಣಿಯನ್ನು ಸಭೆಗೆ ಕರೆಸಲು ಹೋಗಿ, ಅವಳು ಒಲ್ಲೆನೆಂದಾಗ ಅವಳ ಪಟ್ಟವನ್ನೇ ಕಿತ್ತುಕೊಳ್ಳುತ್ತಾನೆ. ಆ ಜಾಗಕ್ಕೆ ಬರುವ ಎಸ್ತೇರ್ ಯಹೂದಿ. ಮಂತ್ರಿ ಹಾಮಾನ ಯಹೂದಿಗಳೆಲ್ಲರ ಸಂಹಾರಕ್ಕೆ ದಿನ ಗೊತ್ತುಮಾಡಿದಾಗ, ಅವಳು ಅರಸನನ್ನು ದ್ರಾಕ್ಷಾರಸದ ಔತಣಕ್ಕೆ ಕರೆದು, ಬಟ್ಟಲು ಕೈಯಲ್ಲಿರುವಾಗಲೇ ತನ್ನ ಜನರ ಜೀವ ಬೇಡುತ್ತಾಳೆ. ಕೆಡಿಸಿದ ಪಾನವೇ ಉಳಿಸುವುದಕ್ಕೂ ಒದಗಿತು.

ತಾಲ್ಮೂದ್ ಎಂಬ ಯಹೂದಿ ಧರ್ಮಶಾಸ್ತ್ರದಲ್ಲಿ ರಾವಾ ಎಂಬ ಗುರುವಿನ ಮಾತೊಂದು ದಾಖಲಾಗಿದೆ. ಹಾಮಾನನಿಗೆ ಶಾಪ, ಎಸ್ತೇರಳ ಬಂಧು ಮೊರ್ದೆಕೈಗೆ ಹರಕೆ. ಇವೆರಡರ ವ್ಯತ್ಯಾಸ ತಿಳಿಯದಷ್ಟು ಪೂರಿಮ್ ದಿನ ಕುಡಿಯಬೇಕು ಎನ್ನುತ್ತದೆ ಅದು. ಕುಡಿಯಬಹುದು ಎಂದಲ್ಲ, ಕುಡಿಯಬೇಕು! ಅದರ ಬೆನ್ನಿಗೇ ಒಂದು ಪುಟ್ಟ ಕಥೆ. ರಬ್ಬಾ ಮತ್ತು ರಬ್ಬಿ ಝೇರಾ ಎಂಬ ಇಬ್ಬರು ವಿದ್ವಾಂಸರು ಒಟ್ಟಿಗೆ ಹಬ್ಬದೂಟಕ್ಕೆ ಕೂತರು, ಮತ್ತೇರಿತು, ರಬ್ಬಾ ಎದ್ದು ಝೇರಾನ ಕತ್ತು ಕೊಯ್ದ. ಮರುದಿನ ಅಮಲಿಳಿದ ಮೇಲೆ ಪ್ರಾರ್ಥಿಸಿ ಅವನನ್ನು ಬದುಕಿಸಿದ. ಮುಂದಿನ ವರ್ಷ ಮತ್ತೆ ಕರೆದಾಗ ಝೇರಾ ನಯವಾಗಿ ಜಾರಿಕೊಂಡ: ಪವಾಡ ಸಲಸಲಕ್ಕೂ ಆಗುವುದಿಲ್ಲವಲ್ಲ!

ವಿಧಿಯ ಪಕ್ಕದಲ್ಲೇ ಈ ಕಥೆ ಯಾಕಿದೆ ಎಂದು ಶತಮಾನಗಳಿಂದ ಚರ್ಚೆ ನಡೆದಿದೆ. ಕಥೆ ವಿಧಿಯನ್ನು ರದ್ದು ಮಾಡುತ್ತದೆ ಎಂದವರುಂಟು, ಬರೀ ಎಚ್ಚರಿಸುತ್ತದೆ ಎಂದವರುಂಟು. 16ನೇ ಶತಮಾನದ ಕ್ರಾಕೋವ್ ನಗರದ ಮೋಸೆಸ್ ಇಸ್ಸರ್ಲೆಸ್ ಹೇಳಿದ ಉಪಾಯ ನನಗಿಷ್ಟ. ದಿನಕ್ಕಿಂತ ತುಸು ಹೆಚ್ಚು ಕುಡಿದು ಮಲಗಿಬಿಡು, ನಿದ್ದೆಯಲ್ಲಿರುವವನಿಗೆ ಹಾಮಾನನೂ ಒಂದೇ ಮೊರ್ದೆಕೈಯೂ ಒಂದೇ, ವಿಧಿ ಪೂರೈಸಿತು ಎಂದನವನು. ಇನ್ನು ಕೆಲವರು ಲೆಕ್ಕಕ್ಕಿಳಿದರು. ನಮ್ಮ ಕಟಪಯಾದಿಯ ಹಾಗೆ ಹೀಬ್ರೂ ಅಕ್ಷರಗಳಿಗೂ ಸಂಖ್ಯೆಯ ಬೆಲೆಯುಂಟು. ಆ ಶಾಪ, ಆ ಹರಕೆ ಎರಡರ ಅಕ್ಷರಗಳನ್ನೂ ಬೇರೆಬೇರೆಯಾಗಿ ಕೂಡಿದರೂ ಬರುವುದು 502. ಈ ಲೆಕ್ಕ ತಪ್ಪುವವರೆಗೆ ಕುಡಿದರೆ ಸಾಕಂತೆ. ನನ್ನಂಥವನಿಗೆ ಒಂದು ಹನಿಯೂ ಬೇಕಾಗದು. ಇಷ್ಟೆಲ್ಲ ಇದ್ದೂ ಪೂರಿಮ್ ಹತ್ತಿರ ಬಂದಾಗ ಎಳೆಯರ ಕುಡಿತದ ಬಗ್ಗೆ ರಬ್ಬಿಗಳು, ವೈದ್ಯರು ಈಗಲೂ ಎಚ್ಚರಿಸಬೇಕಾಗುತ್ತದೆ. ಶಾಸ್ತ್ರದ ಬೇಲಿ ಇದ್ದಲ್ಲೂ ದನ ನುಗ್ಗುತ್ತದೆ.

ಪೂರಿಮ್ ಬಿಟ್ಟರೆ ಯಹೂದಿಗಳ ಪಾನ ಹೆಚ್ಚಾಗಿ ಎಣಿಕೆಯದು. ಶುಕ್ರವಾರ ಸಂಜೆ ಸಬ್ಬತ್ತಿಗೆ ಬಟ್ಟಲೆತ್ತಿ ಪ್ರಾರ್ಥನೆ; ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಪೆಸಹ ಹಬ್ಬದ ರಾತ್ರಿ ನಾಲ್ಕು ಬಟ್ಟಲು, ಪ್ರತಿಯೊಂದಕ್ಕೂ ಕಥೆಯಲ್ಲಿ ಗೊತ್ತಾದ ಜಾಗ. ಕೊಂಕಣದ ಬೆನೆ ಇಸ್ರೇಲ್ ಯಹೂದಿಗಳು ದ್ರಾಕ್ಷಾರಸದ ಬದಲು ಒಣದ್ರಾಕ್ಷಿ ನೆನೆಸಿ ಹಿಂಡಿದ ಶರಬತ್ತಿನಲ್ಲೇ ಪ್ರಾರ್ಥನೆ ನಡೆಸಿಕೊಂಡು ಬಂದವರು. ಬಾರ್ಲಿ ಸಿಗದಲ್ಲಿ ಅನ್ನ, ದ್ರಾಕ್ಷಾರಸದ ಜಾಗಕ್ಕೆ ಒಣದ್ರಾಕ್ಷಿ. ಪರದೇಶದಲ್ಲಿ ಹಬ್ಬ ಬದುಕುಳಿಯುವುದು ಇಂಥ ಹೊಂದಾಣಿಕೆಗಳಿಂದ.

ಈ ಎರಡು ಜನಗಳನ್ನು ಪಕ್ಕಪಕ್ಕ ಕೂರಿಸುತ್ತಿರುವುದು ನಾನೇ ಮೊದಲಲ್ಲ. 1990ರ ಅಕ್ಟೋಬರ್‌ನಲ್ಲಿ ಯಹೂದಿ ವಿದ್ವಾಂಸರ ತಂಡವೊಂದು ದಲಾಯಿ ಲಾಮಾ ಇರುವ ಧರ್ಮಶಾಲಾ ಊರಿಗೆ ಹೋಗಿತ್ತು. ಎರಡು ಸಾವಿರ ವರ್ಷ ನೆಲವಿಲ್ಲದೆ ಅಲೆದೂ ನಿಮ್ಮತನ ಉಳಿಸಿಕೊಂಡ ಗುಟ್ಟೇನೆಂದು ತಿಳಿಯುವುದು ಅವರಿಗೆ ಬೇಕಿತ್ತು. ಆಲಯ ಕಳೆದುಕೊಂಡವರು ಊಟದ ಮೇಜನ್ನೇ ಆಲಯ ಮಾಡಿಕೊಂಡದ್ದು, ಮನೆಯೊಳಗಿನ ಆಚರಣೆ, ಹೆಂಗಸರು ಮಕ್ಕಳಿಗೆ ದಾಟಿಸುವ ನೆನಪು, ಇವೆಲ್ಲ ಅಲ್ಲಿ ಮಾತಿಗೆ ಬಂದವು. ತಂಡದ ಜತೆಗಿದ್ದ ಕವಿ ರಾಜರ್ ಕಾಮೆನೆಟ್ಸ್ 1994ರಲ್ಲಿ ಅದರ ಮೇಲೆ ಪುಸ್ತಕವನ್ನೇ ಬರೆದರು. 1997ರ ಏಪ್ರಿಲ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಟಿಬೆಟ್‌ಗಾಗಿ ನಡೆದ ಪೆಸಹ ಭೋಜನದಲ್ಲಿ ದಲಾಯಿ ಲಾಮಾ ಸ್ವತಃ ಕೂತಿದ್ದರು. ಬರುವ ವರ್ಷ ಜೆರುಸಲೇಮಿನಲ್ಲಿರೋಣ ಎಂದು ಹಾರೈಸಿ ಮುಗಿಸುವ ಭೋಜನ ಅದು. ಲಾಸಾ ಬಿಟ್ಟು ಬಂದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ನೋವಿನ ವರ್ಷಗಳಲ್ಲಿ ಛಾಂಗ್ ನಿಂತದ್ದೂ ಇದೆ. 2008ರಲ್ಲಿ ಟಿಬೆಟ್‌ನಲ್ಲಿ ನಡೆದ ದಮನದ ನಂತರ, 2009ರ ಲೋಸಾರ್ ಅನ್ನು ಒಳಗಿನವರೂ ಹೊರಗಿನವರೂ ಸಂಭ್ರಮದಿಂದ ಆಚರಿಸಲಿಲ್ಲ. ಸಾಲುಸಾಲು ಆತ್ಮಾಹುತಿಗಳಾದಾಗ 2012ರಲ್ಲೂ ಪ್ರಾರ್ಥನೆಗೇ ನಿಂತಿತು. ದುಃಖ ಮರೆಯಲು ಕುಡಿಯುವುದು ಲೋಕಾರೂಢಿ. ಇಲ್ಲಿ ದುಃಖಕ್ಕಾಗಿ ಬಟ್ಟಲು ಕೆಳಗಿಟ್ಟರು. ಯಹೂದಿಗಳೂ ಪೂರಿಮ್‌ನ ಮುನ್ನಾದಿನ ಎಸ್ತೇರಳ ಹೆಸರಿನಲ್ಲಿ ಉಪವಾಸವಿರುತ್ತಾರೆ.

ಬೈಲಕುಪ್ಪೆಯಲ್ಲಿ ಲೋಸಾರ್ ನಡೆಯುವ ಹೊತ್ತಿಗೆ ಕೆ.ಆರ್. ನಗರ ತಾಲ್ಲೂಕಿನ ಕಾವೇರಿ ದಂಡೆಯ ಕಪ್ಪಡಿಯಲ್ಲಿ ಜಾತ್ರೆ. ಶಿವರಾತ್ರಿಯಿಂದ ಯುಗಾದಿಯವರೆಗೆ ಅಲ್ಲಿ ಜನ ಬಿಡಾರ ಹೂಡುತ್ತಾರೆ. ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಯ ನೆಲ ಅದು, ಮಂಟೇಸ್ವಾಮಿ ಪರಂಪರೆಯದು. ನೀಲಗಾರರು ತಂಬೂರಿ ಮೀಟಿ ಹಾಡುವ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣದ ಶರಣರ ಬಾಗಿಲಿಗೆ ಬರುವುದು ಹೆಂಡದ ಗಡಿಗೆ ಹೊತ್ತು, ಹೊಲಸು ಬಳಿದುಕೊಂಡು. ಮಡಿವಂತಿಕೆಯನ್ನು ಒರೆಗೆ ಹಚ್ಚುವ ಹೆಂಡ ಅದು. ಯಾರು ಒಳ್ಳೆಯವರು ಯಾರು ಕೆಟ್ಟವರು ಎಂಬ ಗೆರೆ ಅಳಿಸಿಹಾಕು ಎಂದ ರಾವಾನ ಮಾತಿಗೂ ಈ ಗಡಿಗೆಗೂ ಎಲ್ಲೋ ನೆಂಟಸ್ತಿಕೆ ಇದೆಯೆಂದು ನನಗನ್ನಿಸುತ್ತದೆ. ಪಂಡಿತರು ಒಪ್ಪದಿದ್ದರೆ ಬಿಡಲಿ.

ಪೂರಿಮ್‌ಗೆ ಇನ್ನೂ ಹತ್ತಿರದ ಹಬ್ಬ ಬೇಕೆಂದರೆ ಹುಣಸೂರಿನಿಂದ ಗೋಣಿಕೊಪ್ಪಲಿನ ದಾರಿ ಹಿಡಿದು, ಆನೆಚೌಕೂರು ಗೇಟು ದಾಟಿ, ತಿತಿಮತಿ ಬಳಿಯ ದೇವರಪುರಕ್ಕೆ ಹೋಗಬೇಕು. ಮೇ ತಿಂಗಳ ನಾಲ್ಕನೇ ಗುರುವಾರ ಅಲ್ಲಿ ಕುಂಡೆ ಹಬ್ಬ. ಜೇನುಕುರುಬ ಮತ್ತಿತರ ಕಾಡಿನ ಮಕ್ಕಳ ಹಬ್ಬ ಅದು. ಗಂಡಸರು ಸೀರೆ, ಲಂಗ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಖಾಲಿ ಪ್ಲಾಸ್ಟಿಕ್ ಕ್ಯಾನು ಬಡಿಯುತ್ತ ಸಿಕ್ಕವರನ್ನೆಲ್ಲ ಬೈದು ಕಾಸು ಕೇಳುತ್ತಾರೆ. ಸಾಹುಕಾರನಿಗೂ ಬೈಗುಳ, ಅಧಿಕಾರಿಗೂ ಬೈಗುಳ, ದೇವರಿಗಂತೂ ಮೊದಲ ಬೈಗುಳ. ಬೇಟೆಗೆಂದು ತಮ್ಮನ್ನು ಕಾಡಿಗೆ ಕರೆದೊಯ್ದ ಅಯ್ಯಪ್ಪ, ಭದ್ರಕಾಳಿಯನ್ನು ಕಂಡು ಮೋಹಗೊಂಡು ತಮ್ಮನ್ನು ನಡುಕಾಡಿನಲ್ಲೇ ಬಿಟ್ಟುಹೋದ ಎಂಬ ಸಿಟ್ಟು ಅದು. ಕುಡಿತ ಆ ಸಿಟ್ಟಿಗೆ ಬಾಯಿ ಕೊಡುತ್ತದೆ. ಸಂಜೆ ಗುಡಿಯೆದುರು ತಪ್ಪೊಪ್ಪಿಕೊಂಡು ಕಾಣಿಕೆ ಹಾಕಿದರೆ ಬೈಗುಳವೂ ಮುಗಿಯಿತು, ಹಬ್ಬವೂ ಮುಗಿಯಿತು.

ನಡುಕಾಡಿನಲ್ಲಿ ಬಿಟ್ಟುಹೋದವರು ಅಯ್ಯಪ್ಪನೊಬ್ಬನೇ ಅಲ್ಲ. 1974ರಲ್ಲಿ ಎಚ್.ಡಿ. ಕೋಟೆಯ ಬೀಚನಹಳ್ಳಿಯಲ್ಲಿ ಕಬಿನಿಗೆ ಅಣೆಕಟ್ಟು ಎದ್ದಿತು, ಕಾಡಿನ ಮಕ್ಕಳ ಹಾಡಿಗಳು ಮುಳುಗಿದವು. ನಾಗರಹೊಳೆ ರಾಷ್ಟ್ರೀಯ ಉದ್ಯಾನವಾಗುತ್ತ ಹೋದ ಹಾಗೆ ಒಳಗಿದ್ದವರು ಹೊರಗೆ ಬಂದರು. ದೇಶ ಕಳೆದುಕೊಂಡು ಬಂದವರಿಗೆ ಈ ಸೀಮೆಯಲ್ಲಿ ನೆಲ ಸಿಕ್ಕಿತು, ಮಠ ಕಟ್ಟಿಕೊಂಡರು, ಪಂಚಾಂಗ ಉಳಿಸಿಕೊಂಡರು. ಹುಟ್ಟಿದ ನೆಲದಲ್ಲೇ ಇದ್ದವರು ತಮ್ಮ ಕಾಡಿನಿಂದ ಹೊರಬಿದ್ದು ಕೊಡಗಿನ ತೋಟಗಳ ಲೈನುಮನೆಗೆ ಸೇರಿದರು. ಟಿಬೆಟನ್ನರ ಮೇಲೆ ನನಗೇನೂ ದೂರಿಲ್ಲ. ಈ ಲೆಕ್ಕವನ್ನು ಸರ್ಕಾರದ ಮುಂದಿಡಬೇಕು.

ಹಾಡಿಯ ಕುಡಿತ ಕೆಟ್ಟದ್ದು ಕುಂಡೆ ಹಬ್ಬದಿಂದಲ್ಲ, ವಾರದ ಬಟವಾಡೆಯಿಂದ. ಮೊದಲು ಪ್ಯಾಕೆಟ್ ಸಾರಾಯಿ ಬಂತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮು ಚಿಕ್ಕ ಪೊಟ್ಟಣಗಳಲ್ಲಿ ಬಂದವು. ಇದಕ್ಕೆ ಹಬ್ಬವಿಲ್ಲ, ತಿಥಿಯಿಲ್ಲ, ಮೊದಲ ಹನಿ ಯಾವ ದೇವರಿಗೂ ಇಲ್ಲ, ಬೈದ ಮೇಲೆ ತಪ್ಪೊಪ್ಪಿಕೊಳ್ಳುವ ಸಂಜೆಯೂ ಇಲ್ಲ. ಸೋಸಿ ಕೊಡುವ ಹೆಂಗಸಿನ ಕೈಯೂ ಇಲ್ಲ. ಖಾಲಿ ಜೇಬು ನೋಡುವುದಷ್ಟೇ ಅವಳ ಪಾಲಿಗೆ.

ಹಬ್ಬದ ಕುಡಿತದ ಅಳತೆಗೆ ನಮ್ಮ ಆಡಳಿತದ ಕ್ರಮ ಸರಿಯಾಗಿ ತಲೆಕೆಳಗು. ಗಾಂಧಿ ಜಯಂತಿಗೆ, ಚುನಾವಣೆಗೆ, ಗಣೇಶನ ಮೆರವಣಿಗೆಗೆ ಮದ್ಯದಂಗಡಿ ಮುಚ್ಚಿಸುತ್ತದೆ, ಜಾತ್ರೆಯ ಸುತ್ತ ಪೊಲೀಸರನ್ನು ನಿಲ್ಲಿಸುತ್ತದೆ. ವರ್ಷದ ಉಳಿದ ದಿನಗಳಲ್ಲಿ ಅದೇ ಅಂಗಡಿಯ ಅಬಕಾರಿ ಆದಾಯಕ್ಕೆ ಗುರಿ ನಿಗದಿ ಮಾಡುತ್ತದೆ. ಪೂರಿಮ್ ಆಗಲಿ ಲೋಸಾರ್ ಆಗಲಿ ಕುಂಡೆ ಹಬ್ಬವಾಗಲಿ, ಕುಡಿತವನ್ನು ಒಂದು ದಿನಕ್ಕೆ ಕಟ್ಟಿಹಾಕುತ್ತವೆ. ನಾವು ಆ ದಿನವೊಂದನ್ನು ಒಣಗಿಸಿ ಮಿಕ್ಕವನ್ನೆಲ್ಲ ನೆನೆಸಿಟ್ಟಿದ್ದೇವೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಮೇಲೆ ಬದುಕುವ ಸೀಮೆಯವರು ಚಟದ ಬಗ್ಗೆ ಬೋಧಿಸುವುದು ಬೇಡ, ನಿಜ. ಹರಾಜು ಕಟ್ಟೆಯ ದುಡ್ಡು ಎಲ್ಲಿ ಕರಗುತ್ತದೆಂಬುದು ನಮಗೂ ಗೊತ್ತು.

ಛಾಂಗ್ ಕೂಡ ಹಾಗೇ ಉಳಿದಿಲ್ಲ. ಕ್ಯಾಂಪಿನ ಹುಡುಗರು ಬೆಂಗಳೂರಿಗೆ, ಅಲ್ಲಿಂದ ಹೊರದೇಶಗಳಿಗೆ ಹೋಗುತ್ತಿದ್ದಾರೆ. ಮನೆಗಳಲ್ಲಿ ಹಿರಿಯರಷ್ಟೇ ಉಳಿಯುತ್ತಿದ್ದಾರೆ. ಹಬ್ಬಕ್ಕೆಂದು ಬಂದವರು ಕುಶಾಲನಗರದಿಂದ ಬಿಯರ್ ತರುತ್ತಾರೆ. ವಾರಗಟ್ಟಲೆ ಕಾಯದೆ, ಕಂಬಳಿ ಸುತ್ತದೆ ಸಿಗುವಂಥದ್ದು. ಬಾಟಲಿ ಬಿಯರನ್ನು ಕಾಯಿಸಿ ಬೆಲ್ಲ ಹಾಕಲು ಬರುವುದಿಲ್ಲ. ಹಾಗಾಗಿ ಲೋಸಾರ್‌ನ ಆ ಒಂದು ಬೆಳಗಿನ ಮಟ್ಟಿಗಾದರೂ ಯಾರಾದರೊಬ್ಬ ಅಜ್ಜಿ ಅನ್ನಕ್ಕೆ ಫಾಬ್ ಉದುರಿಸಲೇಬೇಕು.