ಕ್ಲಚ್ ಪ್ಲೇಟ್ ಹೊಸದಾದರೆ ಸಾಕೇ? ಫ್ಲೈವೀಲ್‌ಗೆ ಏನೂ ಆಗುವುದಿಲ್ಲವೇ?

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ಗಂಗಾವತಿ ಭಾಗದ ಟ್ರ್ಯಾಕ್ಟರ್‌ಗಳಿಗೆ ಬಿಡುವಿರುವುದಿಲ್ಲ. ದಿನವಿಡೀ ಭತ್ತದ ಗದ್ದೆಯ ಕೆಸರಿನಲ್ಲಿ ಓಡಾಟ, ಪ್ರತಿ ಬದುವಿನ ಬಳಿ ತಿರುಗಿಸುವಾಗ ಕ್ಲಚ್ ತುಳಿತ. ಕುಷ್ಟಗಿ, ಯಲಬುರ್ಗಾ ಕಡೆಯ ಎರಿ ಹೊಲದಲ್ಲಿ ಆಳ ನೇಗಿಲು ಎಳೆಯುವಾಗಲೂ ಹೊರೆ ಕಡಿಮೆಯಲ್ಲ. ಕೊನೆಗೊಂದು ದಿನ ಕ್ಲಚ್ ಜಾರತೊಡಗುತ್ತದೆ. ಆಗ ಕೇಳುವ ಮಾತು: 'ಪ್ಲೇಟ್ ಬದಲಿಸಿ, ಫ್ಲೈವೀಲ್‌ಗೆ ಎಮರಿ ಪೇಪರ್ ತಿಕ್ಕಿದರೆ ಆಯಿತು.'

ಮೈ ಸಮವಾಗಿದ್ದು ಬರೀ ಹೊಳಪು ಬಂದಿದ್ದರೆ ಈ ಮಾತು ಸರಿ. ಗೆರೆ ಬಿದ್ದಿದ್ದರೆ, ತಗ್ಗಾಗಿದ್ದರೆ ಸರಿಯಲ್ಲ. ಹೊಸ ಪ್ಲೇಟ್ ಚಪ್ಪಟೆ, ಹಳೆಯ ಫ್ಲೈವೀಲ್ ತಗ್ಗು. ಎರಡೂ ಪೂರ್ತಿ ಕೂಡುವುದಿಲ್ಲ. ಕೂಡಿದಷ್ಟು ಜಾಗವೇ ಇಡೀ ಹೊರೆ ಹೊತ್ತು ಕಾಯುತ್ತದೆ, ಪ್ಲೇಟ್ ಬೇಗ ಸವೆಯುತ್ತದೆ. ಕ್ಲಚ್ ಬಿಡುವಾಗ ಗಾಡಿ ನಡುಗಲೂಬಹುದು.

ನೀಲಿ ಕಲೆಗಳ ವಿಷಯದಲ್ಲಿ ಗೊಂದಲ ಹೆಚ್ಚು. ಕಬ್ಬಿಣ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಮೇಲೆ ತೆಳುವಾದ ನೀಲಿ ಪದರ ಕಟ್ಟುತ್ತದೆ. ಅಷ್ಟಕ್ಕೇ ಹೆದರಬೇಕಿಲ್ಲ. ಆದರೆ ಅರ್ಧ ಕ್ಲಚ್‌ನಲ್ಲಿ ಓಡಿಸಿ ಓಡಿಸಿ ಒಂದು ಚುಕ್ಕೆಯಷ್ಟು ಜಾಗ 700 ಡಿಗ್ರಿ ದಾಟಿತೆನ್ನಿ. ಸುತ್ತಲಿನ ದಪ್ಪ ಕಬ್ಬಿಣ ಆ ಶಾಖವನ್ನು ಥಟ್ಟನೆ ಎಳೆದುಕೊಳ್ಳುತ್ತದೆ. ಕುಲುಮೆಯಲ್ಲಿ ಕಾಯಿಸಿದ ಕುಡುಗೋಲನ್ನು ನೀರಿಗೆ ಅದ್ದಿದಂತೆ ಆ ಚುಕ್ಕೆ ಗಡುಸಾಗುತ್ತದೆ. ಅಲ್ಲಿ ಅರ ಇಟ್ಟು ತಿಕ್ಕಿದರೆ ಕಚ್ಚದೆ ಜಾರುತ್ತದೆ. ಲೇತ್‌ನ ಟೂಲ್ ಕೂಡ ಇಂಥ ಕಡೆ ಹಾರಿ, ಚುಕ್ಕೆಯನ್ನು ಉಬ್ಬಾಗಿಯೇ ಬಿಡಬಹುದು. ಹೀಗಿದ್ದಾಗ ಗ್ರೈಂಡಿಂಗ್ ಮೇಲು. ಕೂದಲೆಳೆಯಂಥ ಬಿರುಕುಗಳು ಗ್ರೈಂಡಿಂಗ್‌ನಲ್ಲಿ ಹೋಗಬಹುದು. ಆಳದ ಬಿರುಕಿದ್ದರೆ ಫ್ಲೈವೀಲ್ ಗುಜರಿಗೇ. ವೇಗವಾಗಿ ತಿರುಗುವಾಗ ಅದು ಸಿಡಿದರೆ ಪ್ರಾಣಕ್ಕೇ ಕುತ್ತು.

ಗ್ರೈಂಡಿಂಗ್‌ನಲ್ಲೂ ಒಂದು ತಪ್ಪು ಆಗುತ್ತದೆ, ಅದು ಗೊತ್ತಾಗುವುದು ಗಾಡಿ ಮತ್ತೆ ಜಾರಿದಾಗ. ಕೆಲವು ಫ್ಲೈವೀಲ್‌ಗಳಲ್ಲಿ ಪ್ಲೇಟ್ ತಾಗುವ ಮೈ ಒಳಗೆ ತಗ್ಗಿನಲ್ಲಿದ್ದು, ಪ್ರೆಶರ್ ಪ್ಲೇಟ್‌ನ ಬೋಲ್ಟು ಕೂರುವ ಅಂಚು ಎತ್ತರದಲ್ಲಿರುತ್ತದೆ. ಒಳಮೈಯಿಂದ 1 ಮಿಲಿಮೀಟರ್ ತೆಗೆದರೆ ಅಂಚಿನಿಂದಲೂ 1 ಮಿಲಿಮೀಟರ್ ತೆಗೆಯಬೇಕು. ಒಳಮೈ ಮಾತ್ರ ತೆಗೆದರೆ ಸ್ಪ್ರಿಂಗ್ ಒತ್ತಡ ಬದಲಾಗಿ, ಹೊಸ ಪ್ಲೇಟ್ ಆಗಲೇ ಅಷ್ಟು ಸವೆದಂತೆ ವರ್ತಿಸುತ್ತದೆ. ಆದ್ದರಿಂದ ಬಿಚ್ಚಿದ ಕೂಡಲೇ ಈ ಎತ್ತರ ಅಳೆದು ಬರೆದಿಟ್ಟುಕೊಳ್ಳಿ; ಎಷ್ಟರವರೆಗೆ ತೆಗೆಯಬಹುದು ಎಂಬುದು ಆಯಾ ಮಾಡೆಲ್‌ನ ಸರ್ವಿಸ್ ಪುಸ್ತಕದಲ್ಲಿರುತ್ತದೆ.

ಎಂಜಿನ್, ಗೇರ್‌ಬಾಕ್ಸ್ ಬೇರ್ಪಡಿಸುವುದೇ ದೊಡ್ಡ ಕೆಲಸ. ಅದನ್ನು ಸುಗ್ಗಿಯ ನಡುವೆ ಎರಡು ಸಲ ಮಾಡಿಸುವುದಕ್ಕಿಂತ ಬೇಸಿಗೆಯಲ್ಲಿ ಒಮ್ಮೆ ಲೇತ್ ಅಂಗಡಿಗೆ ಕೊಡುವುದೇ ಅಗ್ಗ. ಬಿಚ್ಚಿದಾಗಲೇ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ನೋಡಿಬಿಡಿ. ಅಲ್ಲಿಂದ ಎಣ್ಣೆ ಜಿನುಗುತ್ತಿದ್ದರೆ, ಎಷ್ಟು ಚೆನ್ನಾಗಿ ಗ್ರೈಂಡ್ ಮಾಡಿಸಿದ್ದರೂ ಪ್ಲೇಟ್ ಜಾರುತ್ತದೆ.