ವಿಚಾರಣೆಯ ಐವತ್ತು ದಿನ

ಹೈದರಾಬಾದಿನ ದಿಲ್‌ಸುಖ್‌ನಗರಕ್ಕೆ ಬಂದ ಹೊಸತು. ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಗಡಿಬಿಡಿಯಲ್ಲಿ ಬಾಗಿಲು ತೊಳೆಯುತ್ತಿದ್ದರು. ಏನು ವಿಶೇಷ ಎಂದು ಕೇಳಿದೆ. ‘ಮಾ ವಿಚಾರಣ ಗುರುವುಲು ವಸ್ತುನ್ನಾರು’ ಅಂದರು. ಕಲಬುರಗಿ ಕಡೆಯ ನನ್ನ ಕಿವಿಗೆ ವಿಚಾರಣೆ ಎಂದರೆ ಕೋರ್ಟು, ಇಲ್ಲವೇ ಪೊಲೀಸ್ ಠಾಣೆ. ಈ ವಯಸ್ಸಿನಲ್ಲಿ ಇವರಿಗೇನು ವಿಚಾರಣೆ ಎಂದು ಒಂದು ಗಳಿಗೆ ಗಾಬರಿಯಾಯಿತು.

ಬಂದವರು ಬಿಳಿ ನಿಲುವಂಗಿಯ ಪಾದ್ರಿ. ಜೊತೆಗೆ ನಾಲ್ಕಾರು ಮಂದಿ, ಒಬ್ಬ ಹುಡುಗನ ಕೈಯಲ್ಲಿ ಮಂತ್ರಿಸಿದ ನೀರಿನ ಪಾತ್ರೆ. ಪ್ರಾರ್ಥನೆ ಐದು ನಿಮಿಷದಲ್ಲಿ ಮುಗಿಯಿತು. ಕೋಣೆ ಕೋಣೆಗೂ ನೀರು ಚಿಮುಕಿಸಿದ್ದಾಯಿತು. ಆಮೇಲೆ ಪಾದ್ರಿ ಕುರ್ಚಿ ಎಳೆದುಕೊಂಡು ಅರ್ಧ ಗಂಟೆ ಕೂತರು. ಮೊಣಕಾಲು ನೋವು ಹೇಗಿದೆ, ಊರಲ್ಲಿರುವ ಮಗ ಫೋನ್ ಮಾಡುತ್ತಾನಾ, ಮೊಮ್ಮಗಳ ಕಾಲೇಜಿನ ಫೀಸು ಕಟ್ಟಿದ್ದಾಯಿತಾ ಎಂದು ಒಂದೊಂದಾಗಿ ಕೇಳಿದರು. ತೆಲುಗು ಕೆಥೋಲಿಕರು ‘ಪ್ಯಾರಿಷ್’ಗೆ ‘ವಿಚಾರಣ’ ಎನ್ನುತ್ತಾರೆ ಎಂದು ನನಗೆ ತಿಳಿದದ್ದು ಆವತ್ತು. ಕನ್ನಡ ಕೆಥೋಲಿಕರು ಅದನ್ನು ಧರ್ಮಕೇಂದ್ರ ಎನ್ನುತ್ತಾರೆ. ಅದೂ ಒಳ್ಳೆಯ ಪದವೇ. ಆದರೆ ಮನೆಗೆ ಬಂದವರನ್ನು, ಕಾಯಿಲೆ ಬಿದ್ದವರನ್ನು, ಒಂಟಿಯಾದವರನ್ನು ‘ವಿಚಾರಿಸಿಕೊಳ್ಳುವುದು’ ಎಂಬ ನಮ್ಮ ಹಳೆಯ ಮಾತಿನ ಅರ್ಥ ಆ ತೆಲುಗು ಪದದಲ್ಲಿ ಇದ್ದ ಹಾಗೇ ಉಳಿದಿದೆ.

ಅದು ಈಸ್ಟರ್ ಆಗಿ ಹತ್ತನೆಯ ದಿನ. ಹಬ್ಬ ಮುಗಿದ ಮೇಲೆ ಇದೇನು ಎಂದು ಅಜ್ಜಿಯನ್ನು ಕೇಳಿದೆ. ‘ಮುಗಿಯುವುದೆಲ್ಲಿಂದ ಬಂತು? ಇನ್ನೂ ನಲವತ್ತು ದಿನ ಇದೆ’ ಅಂದರು.

ಕ್ರೈಸ್ತರ ತಪಸ್ಸುಕಾಲ ನಮಗೆ ಅಷ್ಟಿಷ್ಟು ಗೊತ್ತು. ಹಣೆಯ ಮೇಲೆ ಬೂದಿ, ನಲವತ್ತು ದಿನದ ಉಪವಾಸ, ಮಾಂಸ ಬಿಡುವುದು, ಶುಭ ಶುಕ್ರವಾರದ ಶಿಲುಬೆ ಹಾದಿ. ಪತ್ರಿಕೆಗಳ ಫೋಟೊಗಳೂ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತವೆ. ಮರುದಿನದ ಪುಟದಲ್ಲಿ ಈಸ್ಟರ್ ಮೊಟ್ಟೆಯ ಒಂದು ಚಿತ್ರ ಬಂದರೆ ಹೆಚ್ಚು. ಆದರೆ ಅಳುವುದಕ್ಕೆ ನಲವತ್ತು ದಿನ ಇಟ್ಟ ಧರ್ಮಸಭೆ ಸಂತೋಷಕ್ಕೆ ಐವತ್ತು ದಿನ ಇಟ್ಟಿದೆ. ಅದೇ ಪಾಸ್ಕ ಕಾಲ. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಕಳೆದ ಮೊದಲ ಭಾನುವಾರ ಪಾಸ್ಕ ಹಬ್ಬ, ಅಂದರೆ ಈಸ್ಟರ್. ಹಾಗಾಗಿ ಅದು ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ಎಲ್ಲಾದರೂ ಬೀಳಬಹುದು. ಅಲ್ಲಿಂದ ಐವತ್ತನೆಯ ದಿನ ಪೆಂತೆಕೋಸ್ತ್, ಪವಿತ್ರಾತ್ಮರ ಹಬ್ಬ. ಈ ಏಳು ವಾರವೂ ಒಂದೇ ದೊಡ್ಡ ಭಾನುವಾರ ಎಂಬುದು ಆದಿ ಕ್ರೈಸ್ತರ ಎಣಿಕೆ. 325ರ ನಿಸೇಯ ಮಹಾಸಭೆ ತನ್ನ ಇಪ್ಪತ್ತನೆಯ ನಿಯಮದಲ್ಲಿ ಈ ದಿನಗಳಲ್ಲಿ ಮಂಡಿಯೂರಬಾರದು, ನಿಂತೇ ಪ್ರಾರ್ಥಿಸಬೇಕು ಎಂದು ಬರೆದಿಟ್ಟಿತು. ಈಗ ಪೂಜೆಯ ನಡುವೆ ಮಂಡಿಯೂರುವುದುಂಟು. ಆದರೆ ಪಾಸ್ಕ ಕಾಲದಲ್ಲಿ ಮರಿಯಮ್ಮನವರಿಗೆ ಸಲ್ಲಿಸುವ ‘ಸ್ವರ್ಗದ ರಾಣಿ’ ಪ್ರಾರ್ಥನೆಯನ್ನು ಇವತ್ತಿಗೂ ನಿಂತೇ ಹೇಳುತ್ತಾರೆ.

ಇದೆಲ್ಲ ಹೊತ್ತಿಕೊಳ್ಳುವುದು ಹಬ್ಬದ ಹಿಂದಿನ ಶನಿವಾರ ರಾತ್ರಿ. ಅದನ್ನು ನೋಡಲು ನಾನು ಗನ್‌ಫೌಂಡ್ರಿಯ ಸಂತ ಜೋಸೆಫರ ಪ್ರಧಾನಾಲಯಕ್ಕೆ ಹೋಗಿದ್ದೆ. ದಿಲ್‌ಸುಖ್‌ನಗರದಲ್ಲಿ ಮೆಟ್ರೊ ಹತ್ತಿದರೆ ಮುಂದಿನ ನಿಲ್ದಾಣವೇ ಮೂಸಾರಾಂಬಾಗ್. ನಿಜಾಮ್ ಅಲಿ ಖಾನನ ಸೈನ್ಯದಲ್ಲಿದ್ದ ಫ್ರೆಂಚ್ ದಳಪತಿ ಮೊನ್ಸಿಯರ್ ರೇಮಂಡ್‌ನ ಹೆಸರೇ ಜನರ ಬಾಯಲ್ಲಿ ಹೀಗೆ ಸವೆದಿದೆ ಎನ್ನುತ್ತಾರೆ. ಅವನನ್ನು ಹಿಂದೂಗಳು ಮೂಸಾರಾಮ್ ಎಂದು, ಮುಸಲ್ಮಾನರು ಮೂಸಾ ರಹೀಮ್ ಎಂದು ಕರೆದು ತಮ್ಮವನನ್ನಾಗಿ ಮಾಡಿಕೊಂಡಿದ್ದರು. 1798ರಲ್ಲಿ ತೀರಿಕೊಂಡ ಅವನ ಸಮಾಧಿ ನಮ್ಮ ಬಡಾವಣೆಗೆ ಹತ್ತಿರದ ಆಸ್ಮಾನ್‌ಗಢದ ದಿಬ್ಬದ ಮೇಲಿದೆ. ಅವನು ಫಿರಂಗಿ ಎರಕ ಹೊಯ್ಯಿಸುತ್ತಿದ್ದ ಕಾರ್ಖಾನೆಯೇ ಗನ್‌ಫೌಂಡ್ರಿಗೆ ಆ ಹೆಸರು ಕೊಟ್ಟಿತು. ಫಿರಂಗಿಯ ಹೆಸರು ಹೊತ್ತ ಆ ಜಾಗದಲ್ಲಿ 1870ರಲ್ಲಿ ಇಟಲಿಯ ಮಿಲಾನಿನ ಮಿಷನರಿಗಳು ದೇವಾಲಯ ಕಟ್ಟಲು ತೊಡಗಿದರು. 1875ರ ಕ್ರಿಸ್ಮಸ್ ಹೊತ್ತಿಗೆ ಅದು ಪೂಜೆಗೆ ತೆರೆಯಿತು. ಆಮೇಲೆ ಗೋಪುರಗಳಿಗೆ ಗಂಟೆಗಳೂ ಇಟಲಿಯಿಂದಲೇ ಬಂದವು. ಒಳಗೆ ಮೈಕೆಲೆಂಜೆಲೊನ ‘ಪಿಯೆತಾ’ ಶಿಲ್ಪದ ಪ್ರತಿಕೃತಿ ಇದೆ. ಸತ್ತ ಮಗನನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಿಯ ಆ ಮುಖ ನೋಡಿದ ಮೇಲೆ ಹೊರಗಿನ ಬೆಂಕಿಯ ಅರ್ಥ ಬೇರೆಯೇ ಆಗುತ್ತದೆ.

ಬೆಂಕಿ ಹಚ್ಚುವುದು ಅಂಗಳದಲ್ಲಿ. ದೇವಾಲಯದೊಳಗೆ ಒಂದು ದೀಪವೂ ಇರುವುದಿಲ್ಲ. ಆಳೆತ್ತರಕ್ಕೆ ನಿಲ್ಲುವ ಪಾಸ್ಕ ಮೇಣದಬತ್ತಿಯನ್ನು ತಂದು ಅದರ ಮೇಲೆ ಶಿಲುಬೆ ಕೊರೆಯುತ್ತಾರೆ. ಮೇಲೆ ಗ್ರೀಕ್ ಅಕ್ಷರಮಾಲೆಯ ಮೊದಲ ಅಕ್ಷರ, ಕೆಳಗೆ ಕೊನೆಯ ಅಕ್ಷರ. ಶಿಲುಬೆಯ ನಾಲ್ಕು ಮೂಲೆಗೆ ಆ ವರ್ಷದ ನಾಲ್ಕು ಅಂಕಿ. ಈ ಅಂಕಿಗಳೇ ನನ್ನನ್ನು ಹಿಡಿದು ನಿಲ್ಲಿಸಿದವು. ಎರಡು ಸಾವಿರ ವರ್ಷದ ಹಿಂದಿನ ಘಟನೆಯ ನೆನಪಿಗೆ ಈ ವರ್ಷದ ಸಂಖ್ಯೆ ಬರೆಯುತ್ತಾರೆ, ನಡೆದದ್ದು ಈಗಲೇ ಎಂಬ ಹಾಗೆ. ಐದು ಗಾಯಗಳ ಗುರುತಿಗೆ ಐದು ಕಾಳು ಸಾಂಬ್ರಾಣಿ ಚುಚ್ಚುತ್ತಾರೆ. ಹೊಸ ಬೆಂಕಿಯಿಂದ ಬತ್ತಿ ಹೊತ್ತಿಸಿ ಕತ್ತಲೆಯೊಳಗೆ ನಡೆಯುತ್ತಾರೆ. ಮೂರು ಕಡೆ ನಿಂತು ಮೂರು ಸಲ ಕ್ರಿಸ್ತನ ಜ್ಯೋತಿಯನ್ನು ಸಾರುತ್ತಾರೆ. ಒಬ್ಬರ ಬತ್ತಿಯಿಂದ ಇನ್ನೊಬ್ಬರ ಬತ್ತಿ ಹೊತ್ತಿಕೊಂಡು ಹಿಂದಿನ ಬೆಂಚಿನವರೆಗೆ ಬೆಳಕು ಹರಿಯುತ್ತದೆ. ಆಗ ಹಾಡುವ ಪಾಸ್ಕ ಘೋಷಣೆಯಲ್ಲಿ ಮೇಣ ಕೂಡಿಟ್ಟ ಜೇನುನೊಣಗಳ ದುಡಿಮೆಗೂ ಒಂದು ಜಾಗವಿದೆ.

ಪೂರ್ಣ ಕ್ರಮದಲ್ಲಿ ಆ ರಾತ್ರಿಗೆ ಒಂಬತ್ತು ಪಾಠಗಳು. ಏಳು ಹಳೆಯ ಒಡಂಬಡಿಕೆಯವು, ಎರಡು ಹೊಸತರವು. ಕೆಲವನ್ನು ಬಿಡಬಹುದು, ಆದರೆ ಇಸ್ರಯೇಲರು ಸಮುದ್ರ ದಾಟಿದ ಪಾಠವನ್ನು ಬಿಡುವಂತಿಲ್ಲ. ಗುರುವಾರ ರಾತ್ರಿಯಿಂದ ಬಾಯಿ ಮುಚ್ಚಿದ್ದ ಗಂಟೆಗಳು ಮಹಿಮಾಗೀತೆಗೆ ಒಟ್ಟಿಗೆ ಮೊಳಗುತ್ತವೆ. ತಪಸ್ಸುಕಾಲದುದ್ದಕ್ಕೂ ಯಾರೂ ಉಚ್ಚರಿಸದ ‘ಅಲ್ಲೆಲೂಯ’ ಮರಳಿ ಬರುತ್ತದೆ. ನನ್ನ ಪಕ್ಕ ನಿಂತಿದ್ದ ಹೆಂಗಸೊಬ್ಬರು ಆ ಒಂದು ಪದಕ್ಕೆ ಅತ್ತರು.

ನಮ್ಮ ಕಡೆಯವರಿಗೆ ಈ ದೇವಾಲಯ ಅಷ್ಟೇನೂ ಹೊರಗಿನದಲ್ಲ. ಮುಂದೆ ನಿಜಾಮರ ರಾಜ್ಯಕ್ಕೆ ಸೇರಿದ ರಾಯಚೂರು ಜಿಲ್ಲೆಯ ಮುದಗಲ್ಲಿನಲ್ಲಿ 16ನೆಯ ಶತಮಾನದಲ್ಲೇ ಕೆಥೋಲಿಕ ಸಮುದಾಯ ಬೇರು ಬಿಟ್ಟಿತ್ತು. 2005ರಲ್ಲಿ ಕಲಬುರಗಿ ಧರ್ಮಕ್ಷೇತ್ರ ರಚನೆಯಾಗುವವರೆಗೆ ಬೀದರದ ಧರ್ಮಕೇಂದ್ರಗಳು ಹೈದರಾಬಾದಿನ ಕಡೆಗೇ ನೋಡುತ್ತಿದ್ದವು.

ಹಬ್ಬದ ಬೆಳಗಿನ ಜಾವ ಬೇರೊಂದು ನೋಟ. ತೆಲುಗು ನಾಡಿನ ಪ್ರೊಟೆಸ್ಟಂಟರು ಈಸ್ಟರ್ ಮುಂಜಾವಿನಲ್ಲಿ ಸಮಾಧಿಗಳಿಗೆ ಹೋಗುತ್ತಾರೆ. ಇದನ್ನು ‘ಸಮಾಧುಲ ಪಂಡುಗ’ ಎಂದೇ ಕರೆಯುತ್ತಾರೆ. ಮುಂಚೆಯೇ ಸುಣ್ಣ ಬಳಿದಿಟ್ಟ ಗೋರಿಗಳಿಗೆ ಚೆಂಡುಹೂವು, ಸಾಲು ಮೇಣದಬತ್ತಿ. ನಾರಾಯಣಗುಡದ ಸ್ಮಶಾನಕ್ಕೆ ಆ ಹೊತ್ತು ಹೋದರೆ, ಹೆಂಗಸರು ನಸುಕಿನಲ್ಲಿ ಯೇಸುವಿನ ಗೋರಿಗೆ ಹೋದರು ಎಂಬ ಸುವಾರ್ತೆಯ ಮಾತು ಕಣ್ಣೆದುರೇ ನಡೆದಂತಿರುತ್ತದೆ. ಕೆಥೋಲಿಕರು ಸತ್ತವರನ್ನು ನೆನೆಯುವುದು ನವೆಂಬರ್ 2ರಂದು. ಆದರೆ ಒಂದೇ ಓಣಿಯಲ್ಲಿ ಬದುಕುವವರು ಒಬ್ಬರ ಹಬ್ಬಕ್ಕೆ ಇನ್ನೊಬ್ಬರು ಹೋಗದೆ ಇರುವುದಿಲ್ಲ. ಮಧ್ಯಾಹ್ನ ಎಲ್ಲರ ಮನೆಯಲ್ಲೂ ಬಗಾರ ಅನ್ನ, ಮಟನ್ ಸಾರು. ನಮ್ಮ ಮನೆಗೂ ಒಂದು ಡಬ್ಬಿ ಬರುತ್ತದೆ.

ನನಗೆ ಮುಖ್ಯವೆನಿಸುವುದು ಇದರ ನಂತರದ್ದು. ವರ್ಷವಿಡೀ ಭಾನುವಾರದ ಮೊದಲ ಪಾಠ ಸಾಮಾನ್ಯವಾಗಿ ಹಳೆಯ ಒಡಂಬಡಿಕೆಯಿಂದ ಬರುತ್ತದೆ. ಪಾಸ್ಕ ಕಾಲದಲ್ಲಿ ಮಾತ್ರ ಅದನ್ನು ಬದಿಗಿಟ್ಟು ‘ಪ್ರೇಷಿತರ ಕಾರ್ಯಕಲಾಪಗಳು’ ಓದುತ್ತಾರೆ. ಯೇಸು ಎದ್ದ ಮೇಲೆ ಆತನ ಜನ ಹೇಗೆ ಬದುಕಿದರು ಎಂಬ ಕಥೆ ಅದು. ಅವರು ಹೊಲ ಮನೆ ಮಾರಿ ಹಣ ತಂದರು, ಬೇಕಾದವರಿಗೆ ಹಂಚಿದರು, ಅವರಲ್ಲಿ ಕೊರತೆಯವರು ಯಾರೂ ಇರಲಿಲ್ಲ ಎಂದು ಅದರ ನಾಲ್ಕನೆಯ ಅಧ್ಯಾಯ ಹೇಳುತ್ತದೆ. ಪೀಠದ ಬಳಿ ಉರಿಯುವ ಆ ದೊಡ್ಡ ಬತ್ತಿಯ ಎದುರು ಇದನ್ನು ಕೇಳಿಸಿಕೊಂಡ ಮೇಲೆ ಸುಮ್ಮನೆ ಮನೆಗೆ ಹೋಗುವುದು ಕಷ್ಟ. ಪೂಜೆ ಮುಗಿದ ಮೇಲೆ ಸಂತ ವಿನ್ಸೆಂಟ್ ದೆ ಪಾಲ್ ಸಂಘದವರು ಒಂದು ಮೂಲೆಯಲ್ಲಿ ಸಭೆ ಸೇರುತ್ತಾರೆ. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆದೆರಿಕ್ ಒಜಾನಾಮ್ ಮತ್ತು ಗೆಳೆಯರು ಕಟ್ಟಿದ ಸಂಘ ಇದು. ಆಗ ಅವನಿಗೆ ಬರೇ ಇಪ್ಪತ್ತು ವರ್ಷ. ಬಡವರಿಗೆ ಹಣ ಕಳಿಸಿದರೆ ಸಾಲದು, ಅವರ ಮನೆಗೇ ಹೋಗಿ ಕೂರಬೇಕು ಎಂಬುದು ಅವನ ಪಟ್ಟು. ಜೂನಿನಲ್ಲಿ ಶಾಲೆ ತೆರೆಯುತ್ತದೆ, ಯಾರ ಮಕ್ಕಳಿಗೆ ಫೀಸು ಬೇಕು, ಯಾವ ಮನೆಯಲ್ಲಿ ಗಂಡಸಿಗೆ ಕೆಲಸ ಹೋಗಿದೆ ಎಂದು ಇಲ್ಲಿ ಮೆಲ್ಲಗೆ ಮಾತಾಡಿಕೊಳ್ಳುತ್ತಾರೆ. ಸಹಾಯ ಪಡೆಯುವವರ ಹೆಸರು ಹೊರಗೆ ಬರದಂತೆ ಅವರು ತೋರುವ ಎಚ್ಚರ ನನಗೆ ಬಹಳ ಹಿಡಿಸಿತು.

ಬೇಸಗೆ ಬಲಿತಂತೆ ಕಾಂಪೌಂಡಿನ ಆಚೆ ‘ಚಲಿವೇಂದ್ರಂ’ ಏಳುತ್ತದೆ, ನಮ್ಮ ಅರವಟ್ಟಿಗೆ. ಒದ್ದೆ ಗೋಣಿ ಸುತ್ತಿದ ಮಣ್ಣಿನ ಮಡಕೆಗಳು, ಕೆಲವು ದಿನ ಮಜ್ಜಿಗೆಯೂ ಉಂಟು. ಕುಡಿಯುವವರ ಜಾತಿ ಧರ್ಮ ಯಾರೂ ಕೇಳುವುದಿಲ್ಲ. ಒಳಗೆ ಬಿಳಿ ಬಟ್ಟೆ ತೊಟ್ಟ ಮಕ್ಕಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಭಾನುವಾರ ಬರುತ್ತದೆ. ಮೇ ತಿಂಗಳ ಸಂಜೆಗಳಲ್ಲಿ ಮನೆಮನೆಯಲ್ಲಿ ಜಪಮಾಲೆ.

2025ರ ಪಾಸ್ಕ ಕಾಲವನ್ನು ಈ ಊರು ಮರೆಯುವುದಿಲ್ಲ. ಏಪ್ರಿಲ್ 20ಕ್ಕೆ ಹಬ್ಬ. ಮಾರನೆಯ ಬೆಳಿಗ್ಗೆ ಪೋಪ್ ಫ್ರಾನ್ಸಿಸ್ ತೀರಿಕೊಂಡರು. ಅಲ್ಲೆಲೂಯ ಹಾಡಿದ ಗಂಟಲಲ್ಲೇ ಚರಮ ಪ್ರಾರ್ಥನೆ. ಹೈದರಾಬಾದಿನ ಮಹಾಧರ್ಮಾಧ್ಯಕ್ಷ, ಕಾರ್ಡಿನಲ್ ಪೂಲ ಆಂಥೋನಿ ರೋಮಿಗೆ ಹೊರಟರು. ಕರ್ನೂಲು ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿ, 2022ರ ಆಗಸ್ಟಿನಲ್ಲಿ ಕಾರ್ಡಿನಲ್ ಆದವರು ಅವರು. ಆ ಸ್ಥಾನಕ್ಕೇರಿದ ಮೊದಲ ದಲಿತ, ಮೊದಲ ತೆಲುಗರು. ಹೊಸ ಪೋಪರನ್ನು ಆರಿಸಲು ಮೇ 7ರಂದು ಸಿಸ್ಟೀನ್ ಚಾಪೆಲ್ ಹೊಕ್ಕ 133 ಮತದಾರರಲ್ಲಿ ಅವರೂ ಒಬ್ಬರು. ಮೇ 8ಕ್ಕೆ ಹದಿನಾಲ್ಕನೆಯ ಲಿಯೊ ಆಯ್ಕೆಯಾದರು. ನಮ್ಮ ಅಜ್ಜಿ ಆ ಎರಡು ದಿನ ಟಿವಿ ಆರಿಸಲಿಲ್ಲ. ‘ಒಳಗೆ ನಮ್ಮವರಿದ್ದಾರೆ’ ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಶತಮಾನಗಳ ಕಾಲ ಊರ ಹೊರಗೆ ಇಡಲ್ಪಟ್ಟವರ ಮನೆಮಗ ಆ ಬಾಗಿಲೊಳಗೆ ಕೂತಿದ್ದಾನೆ ಎಂಬ ಅವರ ಹೆಮ್ಮೆ ನನಗೂ ತಟ್ಟಿತು. ಆ ವರ್ಷ ಪೆಂತೆಕೋಸ್ತ್ ಬಂದದ್ದು ಜೂನ್ 8ಕ್ಕೆ.

ಪೆಂತೆಕೋಸ್ತ್ ಸಂಜೆ ಪೀಠದ ಬಳಿಯಿಂದ ಪಾಸ್ಕ ಬತ್ತಿಯನ್ನು ಎತ್ತಿ ಜ್ಞಾನಸ್ನಾನದ ತೊಟ್ಟಿಯ ಪಕ್ಕಕ್ಕೆ ಒಯ್ಯುತ್ತಾರೆ. ಮುಂದೆ ಅದನ್ನು ಹೊತ್ತಿಸುವುದು ಹೆಚ್ಚಾಗಿ ಎರಡೇ ಸಂದರ್ಭಕ್ಕೆ: ಮಗುವಿಗೆ ಜ್ಞಾನಸ್ನಾನ ಕೊಡುವಾಗ, ಯಾರಾದರೂ ತೀರಿಕೊಂಡಾಗ ಅವರ ಪೆಟ್ಟಿಗೆಯ ಬಳಿ.

ದಿಲ್‌ಸುಖ್‌ನಗರದ ಹಾಸ್ಟೆಲುಗಳಲ್ಲಿ ಕೋಚಿಂಗಿಗೆಂದು ಬಂದು ಕೂತ ನಮ್ಮ ಬೀದರ, ಕಲಬುರಗಿ, ರಾಯಚೂರಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಮುಂದಿನ ಪಾಸ್ಕ ಕಾಲದಲ್ಲಿ ಒಂದು ಭಾನುವಾರ ಹತ್ತಿರದ ಚರ್ಚಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ನಿಮ್ಮ ಧರ್ಮ ಯಾವುದಾದರೂ ಇರಲಿ. ಪೂಜೆಯಾದ ಮೇಲೆ ಯಾವ ಊರು, ಊಟ ಆಯಿತಾ ಎಂದು ಯಾರಾದರೂ ವಿಚಾರಿಸಿದರೆ, ನಾಚಿಕೊಳ್ಳದೆ ನಿಂತು ಉತ್ತರ ಹೇಳಿ.